ಮೊದಲು ಅಂಕಿ, ಆಮೇಲೆ ಸೂತ್ರ

ಬೀದರಿನ ಪಿಯುಸಿ ಹುಡುಗರನ್ನು ಎಕ್ಸ್ ಸ್ಕ್ವೇರ್‌ನ ಡೆರಿವೇಟಿವ್ ಕೇಳಿ ನೋಡಿ. ಇಡೀ ಬೆಂಚು ಒಂದೇ ಉಸಿರಿಗೆ ‘ಟೂ ಎಕ್ಸ್’ ಎನ್ನುತ್ತದೆ. ಎಕ್ಸ್ 3 ಆದಾಗ ಬರುವ ಆ 6 ಏನು ಎಂದರೆ ಮಾತ್ರ ಎಲ್ಲರ ಕಣ್ಣೂ ಪುಸ್ತಕಕ್ಕೆ ಇಳಿಯುತ್ತವೆ. ಭಾಲ್ಕಿ, ಔರಾದಿನ ಮಕ್ಕಳೂ ಇದಕ್ಕೆ ಹೊರತಲ್ಲ. ಈ ಮೂರೂ ಊರುಗಳಲ್ಲಿ ಗಣಿತ ಹೇಳಿಕೊಟ್ಟು ನಾನು ಕಂಡುಕೊಂಡದ್ದು: ಸೂತ್ರ ಕೈಗೆ ಸಿಕ್ಕ ಮೇಲೆ ಯಾರೂ ಅದರ ಹುಟ್ಟು ಕೇಳುವುದಿಲ್ಲ.

ಹಾಗಾಗಿ ಮೊದಲು ಬರೀ ಗುಣಾಕಾರ. 3.1ರ ವರ್ಗ 9.61. ಅದರಲ್ಲಿ 9 ಕಳೆದು 0.1ರಿಂದ ಭಾಗಿಸಿದರೆ 6.1. 3.01ರ ವರ್ಗ 9.0601, 9 ಕಳೆದು 0.01ರಿಂದ ಭಾಗಿಸಿದರೆ 6.01. 3.001 ಹಿಡಿದರೆ 6.001. ಅಷ್ಟರಲ್ಲಿ ಯಾರಾದರೊಬ್ಬರು ‘ಆರಕ್ಕ ಹೊಂಟದ್ರೀ ಸರ್’ ಎನ್ನುತ್ತಾರೆ. ಲಿಮಿಟ್ ಎಂಬ ಹೆಸರು ಹೇಳಬೇಕಾದ್ದು ಆಗ. ಔರಾದ್ ಕಡೆಯಿಂದ ಮರಾಠಿ ಮಾಧ್ಯಮದಲ್ಲಿ ಓದಿ ಬಂದವರೂ ಇಲ್ಲಿ ಹಿಂದೆ ಬೀಳುವುದಿಲ್ಲ.

ಸಿಇಟಿಯಲ್ಲಿ 60 ಪ್ರಶ್ನೆಗೆ 80 ನಿಮಿಷ, ಇದಕ್ಕೆಲ್ಲ ಹೊತ್ತೆಲ್ಲಿದೆ ಎಂಬ ತಕರಾರು ಸುಳ್ಳಲ್ಲ. ಆದರೆ ತಪ್ಪು ಹಿಡಿಯುವುದು ಇದೇ ಲೆಕ್ಕ. 2ರ ಘಾತ ಎಕ್ಸ್ ಕೊಟ್ಟರೆ ಅರ್ಧ ತರಗತಿ ಘಾತವನ್ನು ಮುಂದಕ್ಕೆ ತಂದು, ಒಂದು ಕಳೆದು ಬರೆಯುತ್ತದೆ. ಅದರ ಪ್ರಕಾರ ಎಕ್ಸ್ 0 ಇರುವಲ್ಲಿ ಉತ್ತರ 0. ಮೊಬೈಲಿನಲ್ಲಿ 2ರ ಘಾತ 0.01 ಒತ್ತಿದರೆ ಸುಮಾರು 1.00696, 1 ಕಳೆದು 0.01ರಿಂದ ಭಾಗಿಸಿದರೆ 0.696. ಸೊನ್ನೆಯಂತೂ ಅಲ್ಲ! ನಿಜವಾದ ಬೆಲೆ 2ರ ಸ್ವಾಭಾವಿಕ ಲಾಗ್, ಸುಮಾರು 0.693. ಪೈ ಸ್ಕ್ವೇರ್‌ಗೆ ‘ಟೂ ಪೈ’ ಬರೆಯುವವರೂ ಇದ್ದಾರೆ. ಪೈ ಬದಲಾಗದ ಸಂಖ್ಯೆ, ಅಲ್ಲಿ ಉತ್ತರ 0.

ಸೈನ್ ಬಂದಾಗ ತಂಟೆ ಬೇರೆ. ಡಿಗ್ರಿಯಲ್ಲಿಟ್ಟು ಸೈನ್ 1 ಒತ್ತಿದರೆ 0.01745 ಬರುತ್ತದೆ, ಕಾಸ್ 0 ಮಾತ್ರ 1. ಸೈನ್‌ನ ಡೆರಿವೇಟಿವ್ ಕಾಸ್ ಆಗುವುದು ರೇಡಿಯನ್‌ನಲ್ಲಿ. ಡಿಗ್ರಿಯಲ್ಲಿ ಪೈ ಭಾಗಿಸು 180ರಿಂದ ಗುಣಿಸಬೇಕು.

1150ರಲ್ಲಿ ‘ಸಿದ್ಧಾಂತಶಿರೋಮಣಿ’ ಬರೆದ ಭಾಸ್ಕರಾಚಾರ್ಯ ಗ್ರಹಗಳ ತಾತ್ಕಾಲಿಕ ಗತಿ ಲೆಕ್ಕ ಹಾಕುವಾಗ ಇದೇ ಸಂಬಂಧ ಬಳಸಿದ್ದ: ಕೋನ ತುಸು ಬದಲಾದರೆ ಜ್ಯಾ (ಸೈನ್) ಬದಲಾಗುವುದು ಕೋಜ್ಯಾದ (ಕಾಸ್) ಪ್ರಮಾಣದಲ್ಲಿ. 1587ರಲ್ಲಿ ಅವನ ‘ಲೀಲಾವತಿ’ಯನ್ನು ಪಾರ್ಸಿಗೆ ತಂದ ಅಕ್ಬರನ ಆಸ್ಥಾನದ ಫೈಜಿ, ಭಾಸ್ಕರನ ಊರು ಬೀದರ್ ಎಂದಿದ್ದಾನೆ. ಇದನ್ನು ಹೇಳಿದ ದಿನ ತರಗತಿಗೆ ಎಲ್ಲಿಲ್ಲದ ಹುರುಪು. ವಿದ್ವಾಂಸರಲ್ಲಿ ವಿಜಯಪುರ ಎನ್ನುವವರಿದ್ದಾರೆ, ಜಳಗಾಂವ ಜಿಲ್ಲೆಯ ಪಾಟಣ ಎನ್ನುವವರೂ ಇದ್ದಾರೆ ಎಂದರೆ ಬೀದರಿನ ಹುಡುಗರು ಒಪ್ಪುವುದಿಲ್ಲ. ಜಗಳ ಮುಂದುವರಿಯಲಿ ಎಂದು ಬಿಟ್ಟು, ನಾನು ಕಾಸ್‌ನ ಡೆರಿವೇಟಿವ್‌ಗೆ ಮೈನಸ್ ಏಕೆ ಎಂದು ಬೋರ್ಡಿನ ಮೇಲೆ ಬರೆಯುತ್ತೇನೆ.