ಪುಟ್ಟನ ಎಡಿಟಿಂಗ್ ಮೇಜಿಗೆ

ಬೆಂಗಳೂರು
14 ಡಿಸೆಂಬರ್ 2025

ಪುಟ್ಟಾ,

ನೀನು ಕಳಿಸಿದ ಪಟ್ಟಿ ನೋಡಿದೆ. ಮ್ಯಾಕ್ ಮಿನಿ, ಐಮ್ಯಾಕ್, ಮ್ಯಾಕ್ ಸ್ಟುಡಿಯೋ, ಎಸ್.ಪಿ. ರೋಡಿನಲ್ಲಿ ಅಸೆಂಬಲ್ ಮಾಡಿಸುವ ಪಿ.ಸಿ. ಎಲ್ಲಕ್ಕೂ ಎದುರಿಗೆ ಬೆಲೆ ಬರೆದು, ಕೈಯಲ್ಲಿರುವುದು ಒಂದೂವರೆ ಲಕ್ಷ ಎಂದೂ ಬರೆದು, ಕೊನೆಗೆ ‘ಎಂ5 ಬರುವ ತನಕ ಕಾಯಲಾ ದೊಡ್ಡಮ್ಮ?’ ಎಂದು ಕೇಳಿದ್ದೀಯ. ಮೊದಲು ಅದಕ್ಕೆ ಉತ್ತರ: ಕಾಯಬೇಡ.

ಯಕ್ಷಗಾನ ಮೇಳಗಳು ಆಗಲೇ ತಿರುಗಾಟಕ್ಕೆ ಹೊರಟಿವೆ. ಪತ್ತನಾಜೆಗೆ, ಅಂದರೆ ಮೇ ಕೊನೆಯ ವಾರದ ಹೊತ್ತಿಗೆ, ಗೆಜ್ಜೆ ಬಿಚ್ಚುತ್ತಾರೆ. ನೀನು ಬೆನ್ನು ಹತ್ತಿರುವ ಭಾಗವತರಿಗೆ ವಯಸ್ಸಾಗಿದೆ, ಮುಂದಿನ ವರ್ಷ ಮೇಳದಲ್ಲಿ ಇರುತ್ತಾರೋ ಇಲ್ಲವೋ ಎಂದು ನೀನೇ ಹೇಳಿದ್ದೆ. ಎಂ5 ಚಿಪ್ ಈ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಪ್ರೋಗೆ ಬಂದದ್ದು ನಿಜ. ಆದರೆ ಮಿನಿಯ ಚರಿತ್ರೆ ನೋಡು: 2020ರ ನವೆಂಬರ್‌ನಲ್ಲಿ ಎಂ1, 2023ರ ಜನವರಿಯಲ್ಲಿ ಎಂ2, 2024ರ ಅಕ್ಟೋಬರ್ ಕೊನೆಗೆ ಎಂ4. ಎಂ3 ಅದಕ್ಕೆ ಬರಲೇ ಇಲ್ಲ. ಕಂಪನಿಯ ಪಂಚಾಂಗ ನಂಬಿಕೊಂಡು ಕೂತರೆ ನಿನ್ನ ಆಟದ ಋತು ಮುಗಿದುಹೋಗುತ್ತದೆ. ನಿನ್ನ ಕೆಲಸಕ್ಕೆ ಲೆಕ್ಕ ಮೇಳದ ಕ್ಯಾಲೆಂಡರಿನದು, ಚಿಪ್ಪಿನದಲ್ಲ.

ಇನ್ನು ಯಾವುದನ್ನು ಕೊಳ್ಳುವುದು ಎಂಬ ಮಾತು. ಹೊಸ ಮಾಡೆಲ್ ಬಂದಾಗಲೆಲ್ಲ ಹಳೆಯದಕ್ಕಿಂತ ಎಷ್ಟು ಪಟ್ಟು ವೇಗ ಎಂಬುದೇ ದೊಡ್ಡ ಸುದ್ದಿಯಾಗುತ್ತದೆ. ನಾನು ನೋಡುವುದು ಎರಡೇ ಸಂಗತಿ: ಎಲ್ಲಕ್ಕಿಂತ ಅಗ್ಗದ ಮಾಡೆಲ್ಲಿನಲ್ಲಿ ಏನು ಬದಲಾಯಿತು, ಮತ್ತು ಕೊಂಡ ಮೇಲೆ ನನ್ನ ಕೈಲಿ ಬದಲಾಯಿಸಲು ಆಗದ್ದು ಯಾವುದು. ದುಡ್ಡು ಮೊದಲು ಹೋಗಬೇಕಾದ್ದು ಈ ಎರಡನೆಯದಕ್ಕೆ. ಉಳಿದದ್ದನ್ನು ಮುಂದಿನ ಮದುವೆ ಸೀಸನ್ನಿನ ಸಂಪಾದನೆಯಲ್ಲಿ ಒಂದೊಂದಾಗಿ ಸೇರಿಸಿಕೊಳ್ಳಬಹುದು.

ಎಂ2 ಮಿನಿ 59,900 ರೂಪಾಯಿಗೆ 8 ಜಿಬಿ ಮೆಮೊರಿ ಕೊಡುತ್ತಿತ್ತು. ಎಂ4 ಮಿನಿ ಅದೇ 59,900ಕ್ಕೆ 16 ಜಿಬಿ ಕೊಟ್ಟಿತು. ನನ್ನ ಮಟ್ಟಿಗೆ ಈ ಎರಡು ವರ್ಷದ ಅಪ್‌ಡೇಟ್‌ಗಳಲ್ಲಿ ನಿನ್ನಂಥವರಿಗೆ ನಿಜವಾಗಿ ಉಪಕಾರವಾದದ್ದು ಅದೊಂದೇ. ಯಾಕೆಂದು ಲೆಕ್ಕ ಹಾಕಿ ತೋರಿಸುತ್ತೇನೆ, ಪೆನ್ನು ಹಿಡಿದುಕೋ.

ಒಂದು 4ಕೆ ಫ್ರೇಮ್ ಅಂದರೆ ಅಡ್ಡಕ್ಕೆ 3840, ಉದ್ದಕ್ಕೆ 2160, ಒಟ್ಟು ಸುಮಾರು 83 ಲಕ್ಷ ಪಿಕ್ಸೆಲ್. ಪ್ರತಿ ಪಿಕ್ಸೆಲ್ಲಿಗೆ ಕೆಂಪು, ಹಸಿರು, ನೀಲಿ, ಪಾರದರ್ಶಕತೆ ಎಂದು ನಾಲ್ಕು ಅಂಕಿ. ಒಂದೊಂದಕ್ಕೆ 16 ಬಿಟ್ ಇಟ್ಟುಕೊಂಡರೆ ಒಂದು ಫ್ರೇಮಿಗೆ 66 ಎಂಬಿ. ಸೆಕೆಂಡಿಗೆ 25 ಫ್ರೇಮಿನಂತೆ ಒಂದೂವರೆ ಜಿಬಿಗೂ ಹೆಚ್ಚು. ನೀನು ಆಫ್ಟರ್ ಎಫೆಕ್ಟ್ಸ್‌ನಲ್ಲಿ ಟೈಟಲ್ ಮಾಡಿ ಪ್ರಿವ್ಯೂ ಒತ್ತುತ್ತೀಯಲ್ಲ, ಅದು ಹೀಗೆ ಬಿಚ್ಚಿದ ಫ್ರೇಮುಗಳನ್ನು ಮೆಮೊರಿಯಲ್ಲಿ ಪೇರಿಸಿಡುತ್ತದೆ. ಪೂರ್ತಿ ರೆಸಲ್ಯೂಷನ್ನಿನಲ್ಲಿ ಹತ್ತು ಸೆಕೆಂಡನ್ನು ಮೆಮೊರಿಯಲ್ಲೇ ಹಿಡಿಸಬೇಕೆಂದರೆ 16 ಜಿಬಿಯೂ ಸಾಲದು. ನಿನ್ನ ಈಗಿನ 8 ಜಿಬಿ ಪಿ.ಸಿ. ಎರಡು ಸೆಕೆಂಡಿಗೆ ಏದುಸಿರು ಬಿಡುವುದು ಪ್ರೊಸೆಸರ್ ಸೋತದ್ದರಿಂದಲ್ಲ, ಜಾಗ ಇಲ್ಲದ್ದರಿಂದ.

ಮ್ಯಾಕಿನಲ್ಲಿ ಈ ಮೆಮೊರಿಯನ್ನು ಚಿಪ್ಪಿನ ಜೊತೆಗೇ ಕೂರಿಸಿ ಕೊಡುತ್ತಾರೆ. ಗ್ರಾಫಿಕ್ಸ್‌ಗೂ ಪ್ರೊಸೆಸರ್‌ಗೂ ಅದೇ ಒಂದು ಪಾಲು. ಆಮೇಲೆ ಯಾವ ಅಂಗಡಿಗೆ ಹೋದರೂ ಹೆಚ್ಚಿಸಿಕೊಡಲು ಆಗುವುದಿಲ್ಲ. ಆದ್ದರಿಂದ ಮಿನಿ ಕೊಂಡರೆ 24 ಜಿಬಿಯದನ್ನೇ ಕೊಳ್ಳು. 256 ಜಿಬಿ ಸ್ಟೋರೇಜ್ ಇಟ್ಟುಕೊಂಡು ಮೆಮೊರಿ ಮಾತ್ರ ಏರಿಸಿದರೆ 79,900. ಸ್ಟೋರೇಜ್ ಕಡಿಮೆ ಆಯಿತಲ್ಲ ಎಂದು ಹೆದರಬೇಡ. ಸಾಫ್ಟ್‌ವೇರ್ ಒಳಗಿರಲಿ, ಫುಟೇಜ್ ಹೊರಗಿನ ಎಸ್‌ಎಸ್‌ಡಿಯಲ್ಲಿರಲಿ. ಥಂಡರ್‌ಬೋಲ್ಟ್ ಕಿಂಡಿ ಮೂರಿವೆ. ಎಂ4 ಪ್ರೋ ಮಿನಿ ಇನ್ನೂ ಚೆಂದದ ಯಂತ್ರ, ಇಲ್ಲವೆನ್ನಲಾರೆ, ಆದರೆ ಅದು 1,49,900. ಕೈಯಲ್ಲಿದ್ದದ್ದೆಲ್ಲ ಅದಕ್ಕೇ ಸುರಿದು, ಮಾನಿಟರ್‌ಗೂ ಯುಪಿಎಸ್‌ಗೂ ನಿನ್ನಮ್ಮನ ಮುಖ ನೋಡುವ ಸ್ಥಿತಿ ನಿನಗೆ ಬೇಡ.

ಪಿ.ಸಿ.ಯಲ್ಲಾದರೆ ರ‍್ಯಾಮ್ ಆಮೇಲೆ ಹಾಕಿಕೊಳ್ಳಬಹುದು ಎಂದು ನಿನ್ನ ಗೆಳೆಯ ಹೇಳಿದ್ದು ಸರಿಯಾದ ಮಾತು. ಹೋದ ವರ್ಷ ಕೇಳಿದ್ದರೆ ನಾನೂ ಹಾಗೇ ಹೇಳುತ್ತಿದ್ದೆ. ಆದರೆ ಈ ವರ್ಷದ ಕೊನೆಗೆ ರ‍್ಯಾಮ್ ಬೆಲೆ ಏರಿದ ರೀತಿ ನೋಡಿದ್ದೀಯಲ್ಲ? ಎಐ ಡೇಟಾ ಸೆಂಟರುಗಳಿಗೇ ಮೆಮೊರಿ ಚಿಪ್ ಹರಿದುಹೋಗುತ್ತಿದೆ. ನಮ್ಮಂಥ ಬಿಡಿ ಗಿರಾಕಿಗಳಿಗೆ ಕ್ರೂಶಿಯಲ್ ಹೆಸರಿನಲ್ಲಿ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಬಿಡುವುದಾಗಿ ಈ ತಿಂಗಳ ಮೊದಲ ವಾರದಲ್ಲಿ ಘೋಷಿಸಿದೆ. ‘ಆಮೇಲೆ ಹಾಕಿಸೋಣ’ ಎಂಬ ಧೈರ್ಯಕ್ಕೆ ಈಗ ಹೆಚ್ಚು ಬೆಲೆ ತೆರಬೇಕು. ಮಿನಿಯ ಬೆಲೆ ಮಾತ್ರ ಇವತ್ತಿಗೂ ಹೋದ ವರ್ಷದ್ದೇ ಇದೆ. ನನ್ನ ತಕ್ಕಡಿ ಅತ್ತ ವಾಲುವುದಕ್ಕೆ ಇದೂ ಒಂದು ಕಾರಣ.

ಐಮ್ಯಾಕ್ ಬಿಟ್ಟುಬಿಡು. 1,34,900 ಕೊಟ್ಟರೆ 24 ಇಂಚಿನ ಒಳ್ಳೆಯ ಪರದೆ ಬರುತ್ತದೆ, ಒಪ್ಪಿದೆ. ಆದರೆ ಒಳಗಿನ ಚಿಪ್ಪಿಗೆ ವಯಸ್ಸಾದ ದಿನ ಪರದೆಯೂ ಅದರ ಜೊತೆಗೇ ಹೋಗುತ್ತದೆ. ಮ್ಯಾಕ್ ಸ್ಟುಡಿಯೋ 2,14,900ರಿಂದ ಶುರು. ಅದಕ್ಕೆ ಕಂತು ಕಟ್ಟಿಕೊಂಡರೆ ಕಂತಿಗೋಸ್ಕರ ಮದುವೆ ವಿಡಿಯೋ ಹೆಚ್ಚು ಮಾಡುತ್ತೀಯ, ಯಕ್ಷಗಾನದ ಕೆಲಸ ಹಿಂದೆ ಬೀಳುತ್ತದೆ. ಅದು ನನಗೆ ಸುತರಾಂ ಇಷ್ಟವಿಲ್ಲ.

ಈಗ ಬಣ್ಣದ ವಿಷಯ. ನಿನ್ನ ಕ್ಯಾಮೆರಾ 10 ಬಿಟ್ 4:2:2 ಎಚ್.265 ಫೈಲ್ ಕೊಡುತ್ತದೆ ಎಂದು ಬರೆದಿದ್ದೆ. ಸಾಮಾನ್ಯ ವಿಡಿಯೋದಲ್ಲಿ, ಅಂದರೆ 4:2:0ಯಲ್ಲಿ, ಬೆಳಕು ಪ್ರತಿ ಪಿಕ್ಸೆಲ್ಲಿಗೂ ದಾಖಲಾಗುತ್ತದೆ, ಬಣ್ಣ ಮಾತ್ರ ನಾಲ್ಕು ಪಿಕ್ಸೆಲ್ಲಿಗೆ ಒಂದು. 4:2:2ರಲ್ಲಿ ಎರಡಕ್ಕೆ ಒಂದು. ಮುಂಡಾಸಿನ ಕೆಂಪು ಬಟ್ಟೆಯ ಮೇಲೆ ಜರಿಪಟ್ಟಿ ಹಾದುಹೋಗುವ ಅಂಚನ್ನು ಹಿಗ್ಗಿಸಿ ನೋಡು, ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಮೊದಲನೆಯದರಲ್ಲಿ ಕೆಂಪು ಹಳದಿಯೊಳಗೆ ಇಳಿದು ಅಂಚು ರಾಡಿಯಾಗಿರುತ್ತದೆ, ಎರಡನೆಯದರಲ್ಲಿ ಜರಿ ಜರಿಯಾಗಿಯೇ ನಿಲ್ಲುತ್ತದೆ. ಯಕ್ಷಗಾನದ ವೇಷ ಹಿಡಿಯುವವನು ಇದನ್ನು ಬಿಟ್ಟುಕೊಡಬಾರದು.

ಆದರೆ ಈ ಬಗೆಯ ಫೈಲನ್ನು ಬಿಚ್ಚುವ ಹಾರ್ಡ್‌ವೇರ್ ಎಲ್ಲ ಕಾರ್ಡುಗಳಲ್ಲೂ ಇಲ್ಲ. ಎನ್ವಿಡಿಯಾದ ಆರ್‌ಟಿಎಕ್ಸ್ 40 ಸರಣಿಗೆ ಇದು ಬರುತ್ತಿರಲಿಲ್ಲ. ಈ ವರ್ಷ ಬಂದ 50 ಸರಣಿಗೆ ಬಂತು. ಇಂಟೆಲ್ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಕೆಲವು ವರ್ಷದಿಂದ ಈ ಕೆಲಸ ಮಾಡುತ್ತಿದೆ. ಆ್ಯಪಲ್‌ನಲ್ಲಿ ಎಂ1ರಿಂದಲೇ ಇದೆ. ಹಾಗಾಗಿ ನೀನು ಪಿ.ಸಿ.ಯೇ ಕಟ್ಟಿಸುವುದಾದರೆ ಎಸ್.ಪಿ. ರೋಡಿನಲ್ಲಿ ಇಷ್ಟು ನೆನಪಿಟ್ಟುಕೋ. 40 ಸರಣಿಯ ಕಾರ್ಡನ್ನು ಅಗ್ಗಕ್ಕೆ ಕೊಡುತ್ತೇವೆ ಎಂದರೆ ಸೋಲಬೇಡ. ಇಂಟೆಲ್ ಪ್ರೊಸೆಸರ್ ಕೊಟ್ಟರೆ ನಂಬರಿನ ಕೊನೆಗೆ ‘ಎಫ್’ ಇದೆಯೇ ನೋಡು. ಇದ್ದರೆ ಅದರಲ್ಲಿ ಒಳಗಿನ ಗ್ರಾಫಿಕ್ಸೇ ಇಲ್ಲ. ಬೆಲೆ ಸ್ವಲ್ಪ ಕಡಿಮೆ ಎಂದು ಅದನ್ನೇ ಮುಂದೆ ಇಡುತ್ತಾರೆ, ಗೇಮ್ ಆಡುವವರಿಗೆ ಪರವಾಗಿಲ್ಲ, 50 ಸರಣಿಯ ಕಾರ್ಡ್ ಜೊತೆಗಿಲ್ಲದಿದ್ದರೆ ನಿನಗೆ ಆಗದು. ಮತ್ತೆ ಆರ್‌ಟಿಎಕ್ಸ್ 5060 ಟಿಐ ಎರಡು ಬಗೆಯಲ್ಲಿದೆ, 8 ಜಿಬಿ ಮತ್ತು 16 ಜಿಬಿ. ಹೆಸರು ಒಂದೇ. 16ರದ್ದೇ ಕೊಡಿ ಎಂದು ಬಿಲ್ಲಿನಲ್ಲೂ ಬರೆಸಿಕೋ.

ಪಿ.ಸಿ.ಯ ಪರವಾಗಿ ಒಂದು ದೊಡ್ಡ ಮಾತಿದೆ, ಅದನ್ನು ಮುಚ್ಚಿಡಲಾರೆ. ನಿನ್ನ ಮನಸ್ಸು ಬ್ಲೆಂಡರ್ ಕಡೆ, ಥ್ರೀಡಿ ಅನಿಮೇಷನ್ ಕಡೆ ಹೊರಳುವುದಾದರೆ ಎನ್ವಿಡಿಯಾ ಕಾರ್ಡಿರುವ ಪಿ.ಸಿ.ಯೇ ಸರಿ, ಆ ಲೋಕದ ಬಹುಪಾಲು ಸಾಧನಗಳು ಅದನ್ನೇ ನೆಚ್ಚಿಕೊಂಡಿವೆ. ಲಾಟ್ವಿಯಾದ ಗಿಂಟ್ಸ್ ಜಿಲ್ಬಾಲೋಡಿಸ್ ‘ಫ್ಲೋ’ ಸಿನಿಮಾವನ್ನು ಬ್ಲೆಂಡರ್‌ನಲ್ಲೇ ಮಾಡಿದರು. ರೆಂಡರ್ ಫಾರ್ಮ್ ಇಲ್ಲದೆ ಕೊನೆಯ ರೆಂಡರ್ ತಮ್ಮ ಪಿ.ಸಿ.ಯಲ್ಲೇ ಮುಗಿಸಿದರು. ಈ ಮಾರ್ಚ್‌ನಲ್ಲಿ ಅದಕ್ಕೆ ಅನಿಮೇಷನ್ ವಿಭಾಗದ ಆಸ್ಕರ್ ಬಂತು. ಮಾತೇ ಇಲ್ಲದ ಒಂದು ಬೆಕ್ಕಿನ ಕತೆ. ಸಿಕ್ಕರೆ ಅಮ್ಮನನ್ನೂ ಕೂರಿಸಿಕೊಂಡು ನೋಡು. ಆದರೆ ನೀನು ಈಗ ಮಾಡುತ್ತಿರುವುದು ಆಟದ ದಾಖಲೆ, ಕಲಾವಿದರ ಮಾತು, ಚೌಕಿಯೊಳಗಿನ ಬಣ್ಣಗಾರಿಕೆ. ಅದಕ್ಕೆ ಮಿನಿ ಧಾರಾಳ ಸಾಕು.

ಉಳಿದ 70,000ದಲ್ಲಿ ಮೊದಲು ಪರದೆ. 27 ಇಂಚು, 4ಕೆ, ಐಪಿಎಸ್, ಎಸ್‌ಆರ್‌ಜಿಬಿ ಪೂರ್ತಿ ತೋರಿಸುವುದು. ಅದಕ್ಕಿಂತ ದುಬಾರಿಯದು ಈಗಲೇ ಬೇಡ. ಬಣ್ಣ ಅಳೆಯುವ ಕ್ಯಾಲಿಬ್ರೇಟರ್ ನನ್ನ ಹತ್ತಿರ ಇದೆ, ಊರಿಗೆ ಬಂದಾಗ ತಂದು ಸರಿ ಮಾಡಿಕೊಡುತ್ತೇನೆ.

ಆಮೇಲೆ ಡಿಸ್ಕು. ಇಲ್ಲಿ ಜಿಪುಣತನ ಮಾಡಿದರೆ ನಾನು ಬೈಯುತ್ತೇನೆ. ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್‌ನಂತೆ ಬರೆದರೂ ಗಂಟೆಗೆ 45 ಜಿಬಿ. ಕಾಲಮಿತಿ ಆಟವಾದರೆ ಹೇಗೋ ಆಯಿತು, ಬೆಳಗಿನವರೆಗಿನ ಬಯಲಾಟ ಎಂಟು ಗಂಟೆ ಹಿಡಿದರೆ ಒಂದೇ ರಾತ್ರಿಗೆ 360 ಜಿಬಿ. ಅದನ್ನೆಲ್ಲ ಪ್ರೋರೆಸ್ 422ಗೆ ತಿರುಗಿಸಿದರೆ ಗಂಟೆಗೆ ಸುಮಾರು 220 ಜಿಬಿ, ರಾತ್ರಿಗೆ ಸುಮಾರು 1.8 ಟಿಬಿ. ಹಾಗೆ ತಿರುಗಿಸಬೇಡ. ಮೂಲ ಫೈಲ್ ಹಾಗೇ ಇಟ್ಟು ಪ್ರಾಕ್ಸಿ, ಅಂದರೆ ಹಗುರವಾದ ಪ್ರತಿ, ಮಾಡಿಕೊಂಡು ಕತ್ತರಿಸು. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯೇ 4ಕೆ ಅಲ್ಟ್ರಾ ಎಚ್‌ಡಿ ತನಕ ಕೆಲಸ ಕೊಡುತ್ತದೆ. ಕೆಲಸಕ್ಕೆ ಒಂದು ಎಸ್‌ಎಸ್‌ಡಿ, ದಾಸ್ತಾನಿಗೆ ಎರಡು ದೊಡ್ಡ ಹಾರ್ಡ್ ಡಿಸ್ಕು. ಎರಡರಲ್ಲೂ ಅದದೇ ಫೈಲ್. ಒಂದು ನಿನ್ನ ಮನೆಯಲ್ಲಿ, ಇನ್ನೊಂದು ಅಜ್ಜಿಯ ಮನೆಯ ಕಬ್ಬಿಣದ ಬೀರುವಿನಲ್ಲಿ. ಭಾಗವತರು ಅದೇ ಪದ್ಯವನ್ನು ಇನ್ನೊಮ್ಮೆ ಅದೇ ಕಂಠದಲ್ಲಿ ಹಾಡಲಾರರು. ನಿನ್ನ ಹತ್ತಿರ ಇರುವುದು ನಿನ್ನೊಬ್ಬನ ಸ್ವತ್ತಲ್ಲ, ಹಾಗೆ ತಿಳಿದು ಕಾಪಾಡು.

ಯುಪಿಎಸ್ ಬೇಕೇ ಬೇಕು. ಏಪ್ರಿಲ್-ಮೇ ಗುಡುಗು ಸಿಡಿಲಿಗೆ ನಿಮ್ಮ ಕುಂದಾಪುರದ ಕರೆಂಟು ಹೇಗೆ ಆಡುತ್ತದೆಂದು ನಾನು ಹೇಳಬೇಕಾಗಿಲ್ಲ. ಇದರಲ್ಲಿ ಮಿನಿಗೊಂದು ಅನುಕೂಲವಿದೆ: ಪೂರ್ತಿ ದುಡಿಯುವಾಗಲೂ ಎಂ4 ಮಿನಿ ಎಳೆಯುವುದು ಸುಮಾರು 65 ವಾಟ್. 5060 ಟಿಐ ಕಾರ್ಡ್ ಒಂದೇ 180 ವಾಟ್ ಕೇಳುತ್ತದೆ. ಸಣ್ಣ ಯುಪಿಎಸ್‌ನಲ್ಲೇ ಮಿನಿಯೂ ಮಾನಿಟರೂ ಡಿಸ್ಕೂ ನಡೆಯುತ್ತವೆ, ಉಳಿಸಿ ಮುಚ್ಚುವಷ್ಟು ಹೊತ್ತು ಸಿಗುತ್ತದೆ. ಹತ್ತಿರದಲ್ಲಿ ಸಿಡಿಲು ಬಡಿಯುತ್ತಿದ್ದರೆ ಪ್ಲಗ್ಗನ್ನೇ ಕಿತ್ತುಬಿಡು.

ಹಳೆಯ ಪಿ.ಸಿ.ಯನ್ನು ಗುಜರಿಗೆ ಹಾಕಬೇಡ. ಅದು ಏಳನೇ ತಲೆಮಾರಿನ ಐ5, ವಿಂಡೋಸ್ 11ಕ್ಕೆ ಅರ್ಹವಲ್ಲ. ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ನಿಂತಿತು. ಹಾಗಾಗಿ ಇಂಟರ್‌ನೆಟ್ಟಿನಿಂದ ದೂರವಿಡು. ಆದರೆ ನಿನ್ನ ಪ್ರಸಂಗದ ಪದ್ಯಗಳೆಲ್ಲ ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಅದರಲ್ಲೇ ಕೂತಿವೆ. ಅವನ್ನು ಹಾಗೇ ಮ್ಯಾಕ್‌ಗೆ ತಂದರೆ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರ ಕಾಣುತ್ತದೆ. ಅಲ್ಲೇ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ, ಅರ್ಕಾವತ್ತು ಕಣ್ಣಾರೆ ನೋಡಿ ತಿದ್ದಿ, ಆಮೇಲೆ ತಾ. ಫೋಟೋಶಾಪಿನಲ್ಲಿ ಟೈಟಲ್ ಬರೆಯುವ ಮೊದಲು ವರ್ಲ್ಡ್-ರೆಡಿ ಲೇಔಟ್ ಆರಿಸಿಕೋ. ಪರೀಕ್ಷೆಗೆ ‘ಕೃಷ್ಣಾರ್ಜುನ ಕಾಳಗ’ ಎಂದು ಹೊಡೆದು ನೋಡು. ಷಕ್ಕೆ ಣ ಒತ್ತಾಗಿ ಕೆಳಗೆ ಕೂತು, ಜು ಆದ ಮೇಲೆ ಅರ್ಕಾವತ್ತು ಬಂದರೆ ಸರಿ. ಮೂರು ತುಂಡಾಗಿ ಬಿದ್ದರೆ ಸೆಟ್ಟಿಂಗ್ ಕೂತಿಲ್ಲ ಎಂದರ್ಥ. ನಮ್ಮ ಎಷ್ಟೋ ಒಳ್ಳೆಯ ಚಿತ್ರಗಳ ಟೈಟಲ್ ಕಾರ್ಡಿನಲ್ಲಿ ಕನ್ನಡ ಮುರಿದು ಬಿದ್ದಿರುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ. ನಿನ್ನದರಲ್ಲಿ ಹಾಗಾಗಬಾರದು.

ಇಷ್ಟಾದರೂ ನನ್ನ ಮಾತಿನ ಮೇಲೆ ದುಡ್ಡು ಹಾಕಬೇಡ. ನನ್ನ ಎಡಿಟಿಂಗ್ ರೂಮಿನಲ್ಲಿ 24 ಜಿಬಿಯ ಎಂ4 ಮಿನಿ ಇದೆ. ಸಂಕ್ರಾಂತಿಗೆ ಮುಂಚೆ ಒಂದು ವಾರಾಂತ್ಯ ಬಾ. ಬರುವಾಗ ನಿನ್ನ ಅತಿ ಕಷ್ಟದ ಪ್ರಾಜೆಕ್ಟ್ ತಾ: ಎರಡು ಕ್ಯಾಮೆರಾದ ಬಯಲಾಟ, ಬಣ್ಣ ತಿದ್ದಿದ್ದು, ಮೇಲೆ ಕನ್ನಡ ಸಬ್‌ಟೈಟಲ್ ಇರುವುದು. ಅದನ್ನು ತೆರೆದು, ಪಕ್ಕದಲ್ಲಿ ಆ್ಯಕ್ಟಿವಿಟಿ ಮಾನಿಟರ್ ಇಟ್ಟುಕೊಂಡು ನಿನ್ನ ಪಾಡಿಗೆ ನೀನು ಕೆಲಸ ಮಾಡು. ಮೆಮೊರಿ ಪ್ರೆಷರ್ ಗ್ರಾಫು ಹಸಿರಾಗಿದ್ದರೆ ಇದೇ ಸಾಕು. ಆಗಾಗ ಹಳದಿಗೆ ತಿರುಗಿದರೂ ನಡೆಯುತ್ತದೆ. ಕೆಂಪಿನಲ್ಲೇ ನಿಂತರೆ 32 ಜಿಬಿಯದಕ್ಕೆ ಲೆಕ್ಕ ಹಾಕೋಣ, ಮಾನಿಟರನ್ನು ಬೇಕಾದರೆ ನನ್ನ ಹಳೆಯದರಲ್ಲಿ ಸದ್ಯಕ್ಕೆ ಸುಧಾರಿಸು. ನಿನಗೆ ಒಪ್ಪಿಗೆಯಾದ ಮೇಲೆ ಹೆಬ್ಬಾಳದಲ್ಲಿ ಸೆಪ್ಟೆಂಬರ್‌ನಲ್ಲಿ ತೆರೆದ ಆ್ಯಪಲ್ ಅಂಗಡಿಗೆ ಇಬ್ಬರೂ ಹೋಗಿ ಆರ್ಡರ್ ಕೊಟ್ಟು ಬರೋಣ. ಮೆಮೊರಿ ಏರಿಸಿದ್ದು ಬರಲು ಕೆಲವು ದಿನ ಹಿಡಿಯಬಹುದು, ಅದಕ್ಕೇ ಸಂಕ್ರಾಂತಿಗೆ ಮುಂಚೆ ಅಂದದ್ದು.

ಬರುವ ದಿನ ಮೊದಲೇ ತಿಳಿಸು. ಅಮ್ಮನಿಗೆ ಹೇಳಿ ಒಂದಿಷ್ಟು ಹಲಸಿನ ಹಪ್ಪಳ ಕಟ್ಟಿಸಿಕೊಂಡು ಬಾ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ