ಟಕ್ ಅಂದರೆ ರ‍್ಯಾಕೇ ಹೋಗಿರಬೇಕಿಲ್ಲ

ಹತ್ತು ವರ್ಷ ದಾಟಿದ ನನ್ನ ಹ್ಯಾಚ್‌ಬ್ಯಾಕ್ ಸ್ಟೇರಿಂಗ್ ತಿರುಗಿಸಿದಾಗಲೆಲ್ಲ ಟಕ್ ಟಕ್ ಎನ್ನತೊಡಗಿತ್ತು. ದೊಡ್ಡ ಸರ್ವಿಸ್ ಸೆಂಟರೊಂದು ಪೂರ್ತಿ ಸ್ಟೇರಿಂಗ್ ರ‍್ಯಾಕ್ ಬದಲಿಸಬೇಕೆಂದು 35,000 ರೂಪಾಯಿಗೂ ಮೇಲಿನ ಅಂದಾಜು ಬರೆದುಕೊಟ್ಟಿತು. ಬೆಂಗಳೂರಿನ ವಿಜಯನಗರದ ಸಣ್ಣ ಗ್ಯಾರೇಜಿನಲ್ಲಿ ಅದೇ ಸದ್ದು ಲೇಬರ್ ಸೇರಿ 7,500ರೊಳಗೆ ನಿಂತಿತು. ಹಾಕಿದ್ದು ಕಂಪನಿಯ ಅಸಲಿ ಪಾರ್ಟೇ.

ಅಲ್ಲಿನ ಮೆಕ್ಯಾನಿಕ್ ಮೊದಲು ಸ್ಪ್ಯಾನರ್ ಹಿಡಿಯಲಿಲ್ಲ. ಹುಡುಗನೊಬ್ಬನಿಗೆ ನಿಂತ ಗಾಡಿಯ ಸ್ಟೇರಿಂಗ್ ಅನ್ನು ಸ್ವಲ್ಪ ಸ್ವಲ್ಪವೇ ಎಡಕ್ಕೆ ಬಲಕ್ಕೆ ಆಡಿಸಲು ಹೇಳಿ, ತಾನು ಪೆಡಲ್‌ಗಳ ಹತ್ತಿರ ಬಗ್ಗಿ ಸ್ಟೇರಿಂಗ್ ಶಾಫ್ಟಿನ ಜಾಯಿಂಟ್ ಮೇಲೆ ಬೆರಳಿಟ್ಟ. ‘ಸರ್, ರ‍್ಯಾಕ್ ಚೆನ್ನಾಗಿದೆ. ಪ್ಲೇ ಬಂದಿರೋದು ಇಲ್ಲಿ, ನೀವೇ ಮುಟ್ಟಿ ನೋಡಿ.’ ಬೆರಳಿಗೆ ಬಡಿತ ಸ್ಪಷ್ಟವಾಗಿ ಸಿಕ್ಕಿತು. ಸ್ಟೇರಿಂಗ್ ನೇರವಿದ್ದು ಹಂಪ್ ಇಳಿಯುವಾಗ ಮಾತ್ರ ಸದ್ದು ಬಂದರೆ ಲಿಂಕ್ ರಾಡ್, ಬುಷ್‌ಗಳನ್ನೂ ನೋಡಬೇಕು. ಅವು ಇನ್ನೂ ಅಗ್ಗ. ಹೀಗೆ ಬೆರಳಿಟ್ಟು ನೋಡುವ ಪರೀಕ್ಷೆಗೆ ಯಾರಾದರೂ ಬೇರೆಯಾಗಿ ದುಡ್ಡು ಕೇಳಿದರೆ ಸಂತೋಷದಿಂದ ಕೊಡಿ.

ಸ್ಟೇರಿಂಗ್ ಕಾಲಮ್‌ಗೂ ಕೆಳಗಿನ ರ‍್ಯಾಕ್‌ಗೂ ನಡುವಿನ ಈ ಸಣ್ಣ ಶಾಫ್ಟಿನಲ್ಲಿ ಯೂನಿವರ್ಸಲ್ ಜಾಯಿಂಟ್‌ಗಳಿರುತ್ತವೆ, ಒಳಗೆ ಸೂಜಿಯಂಥ ಬೇರಿಂಗ್‌ಗಳು. ಅನೇಕ ಸಣ್ಣ ಕಾರುಗಳಲ್ಲಿ ಪವರ್ ಸ್ಟೇರಿಂಗ್ ಮೋಟಾರು ಕಾಲಮ್‌ನಲ್ಲೇ ಇರುವುದರಿಂದ, ಮೋಟಾರಿನ ಬಲವೆಲ್ಲ ಇದೇ ಶಾಫ್ಟಿನ ಮೂಲಕ ಕೆಳಗಿಳಿಯುತ್ತದೆ. ಮೇಲಿಂದ ಆ ಬಲ, ಕೆಳಗಿಂದ ಮಾಗಡಿ ರಸ್ತೆಯ ಗುಂಡಿಗಳ ಪೆಟ್ಟು. ಸವೆಯದೆ ಏನು ಮಾಡೀತು?

ಸವೆತಕ್ಕೆ ವಿಮೆ ದುಡ್ಡು ಕೊಡುವುದಿಲ್ಲ. ‘ಬಂಪರ್ ಟು ಬಂಪರ್’ ಪಾಲಿಸಿ ಇದ್ದರೂ ಅಷ್ಟೆ. ಅದು ಅಪಘಾತದ ಹಾನಿಗೆ. ಹಾಗಾಗಿ ವಾರಂಟಿ ಮುಗಿದ ಕಾರಿಗೆಂದು ನಾನು ತಿಂಗಳಿಗೆ 1,500 ರೂಪಾಯಿಯನ್ನು ಆರ್‌.ಡಿ.ಯಲ್ಲಿ ಹಾಕುತ್ತೇನೆ. ಈ ರಿಪೇರಿಗೆ ಕ್ರೆಡಿಟ್ ಕಾರ್ಡ್ ಮುಟ್ಟಬೇಕಾಗಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಇಂಥ ಬಿಡಿಭಾಗಗಳ ಜಿಎಸ್‌ಟಿ ಶೇ 28ರಿಂದ 18ಕ್ಕೆ ಇಳಿದಿದೆ: 5,000 ಮೂಲಬೆಲೆಯ ಪಾರ್ಟು 6,400ರ ಬದಲು 5,900ಕ್ಕೆ ಸಿಗಬೇಕು. ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ಕೊಂಡರೂ ಪಾರ್ಟ್ ನಂಬರ್ ಇರುವ ಬಿಲ್ ಕೇಳಿ.

ಒಂದು ಕಡೆ ಮಾತ್ರ ಉಳಿತಾಯ ಬೇಡವೇ ಬೇಡ. ಸವೆದ ಜಾಯಿಂಟ್‌ಗೆ ವೆಲ್ಡಿಂಗ್ ಮಾಡಿಸುವುದು, ಗುಜರಿಯಿಂದ ಹಳೆ ಶಾಫ್ಟ್ ತಂದು ಹಾಕಿಸುವುದು ಪ್ರಾಣಕ್ಕೆ ಕುತ್ತು. ಶಾಫ್ಟ್ ತುಂಡಾದರೆ ಚಕ್ರಗಳು ನಮ್ಮ ಮಾತು ಕೇಳುವುದಿಲ್ಲ. ಇನ್ನು, ಶಾಫ್ಟ್ ಬಿಚ್ಚುವ ಮೊದಲು ಚಕ್ರ ನೇರವಿಟ್ಟು, ಸ್ಟೇರಿಂಗ್ ಅಲ್ಲಾಡದಂತೆ ಸೀಟ್ ಬೆಲ್ಟಿನಿಂದ ಬಿಗಿಸಲು ಹೇಳಿ. ಕೆಳಗಿನ ಕೊಂಡಿ ಕಳಚಿದ ಸ್ಟೇರಿಂಗ್ ಸುಮ್ಮನೆ ಸುತ್ತಿದರೆ ಏರ್‌ಬ್ಯಾಗಿನ ಸ್ಪೈರಲ್ ಕೇಬಲ್ ಹರಿದು, ಇನ್ನೊಂದು ದೊಡ್ಡ ಬಿಲ್ ಅಲ್ಲೇ ಹುಟ್ಟುತ್ತದೆ.