ಲೆಕ್ಕದ ಫೈಲ್ ಕೆಟ್ಟರೆ ಏನು ಮಾಡಬೇಕು?

ನೀವು ಮನೆಯಲ್ಲಿ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತೀರಿ ಎನ್ನೋಣ. ಯಾರು ರೊಕ್ಕ ಕೊಟ್ಟರು, ಯಾರದು ಉದ್ರಿ ಉಳಿಯಿತು ಎಂದು ಮಗಳು ಕಂಪ್ಯೂಟರಿನಲ್ಲಿ ಬರೆದಿಡುತ್ತಾಳೆ. ಇದಕ್ಕೆ ಗ್ನೂಕ್ಯಾಶ್ ಎಂಬ ತಂತ್ರಾಂಶವಿದೆ. ಇದು ಪುಕ್ಕಟೆ ಸಿಗುತ್ತದೆ.

ಒಂದು ಸಂಜೆ ಬರೆಯುವಾಗಲೇ ಕರೆಂಟ್ ಹೋಯಿತು. ಮರುದಿನ ಮಗಳು ಕೂಗುತ್ತಾಳೆ: "ಅವ್ವಾ, ಲೆಕ್ಕ ತೆರೀವಲ್ದು! ಎಲ್ಲಾ ಹೋತು!"

ಗಾಬರಿ ಆಗಬೇಡಿ. ಹೀಗೆ ಮಾಡಿ.

1. ಪರದೆಯ ಮೇಲಿನ ಮಾತು ಓದಿ. 'ಲಾಕ್' ಎಂದು ಬಂದಿದೆಯೇ? ಹಾಗಿದ್ದರೆ ಫೈಲ್ ಕೆಟ್ಟಿರಲಿಕ್ಕಿಲ್ಲ. ಕರೆಂಟ್ ಹೋದಾಗ ಬೀಗ ಹಾಗೇ ಉಳಿದಿರುತ್ತದೆ. ಫೈಲ್ ಬೇರೆ ಕಡೆ ತೆರೆದಿಲ್ಲ ಎಂದು ನೋಡಿಕೊಳ್ಳಿ. ಆಮೇಲೆ 'ಓಪನ್ ಎನಿವೇ' ಒತ್ತಿ.

2. ಆದರೂ ತೆರೆಯದಿದ್ದರೆ ಫೈಲ್ ಕೆಟ್ಟಿರಬಹುದು. ಅದನ್ನು ಅಳಿಸಬೇಡಿ. ಅದರ ಒಂದು ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಇಡಿ.

3. ಹಳೆಯ ಪ್ರತಿ ಹುಡುಕಿ. ಪ್ರತಿ ಸಲ ಸೇವ್ ಮಾಡಿದಾಗ ಗ್ನೂಕ್ಯಾಶ್ ಹಿಂದಿನ ಪ್ರತಿಯನ್ನು ಅದೇ ಫೋಲ್ಡರಿನಲ್ಲಿ ತೆಗೆದಿಡುತ್ತದೆ. ನಾವು ಬದಲಿಸದಿದ್ದರೆ 30 ದಿನ ಇಡುತ್ತದೆ. ಆ ಪ್ರತಿಯ ಹೆಸರಿನಲ್ಲಿ 14 ಅಂಕಿ ಇರುತ್ತವೆ. ಓದಿ ನೋಡಿ:

20250614193005

2025 ಇಸವಿ, 06 ತಿಂಗಳು, 14 ತಾರೀಖು. 19 ಎಂದರೆ ಸಂಜೆ 7 ಗಂಟೆ. 30 ನಿಮಿಷ, 05 ಸೆಕೆಂಡು. ಆ ಪ್ರತಿಯನ್ನು ತೆಗೆದಿಟ್ಟ ಹೊತ್ತು ಅದು. ಹೆಸರಿನ ಕೊನೆಗೆ 'ಲಾಗ್' ಎಂದಿದ್ದರೆ ಅದನ್ನು ಬಿಡಿ. ಉಳಿದವುಗಳಲ್ಲಿ ಎಲ್ಲಕ್ಕಿಂತ ಹೊಸದನ್ನು ತೆರೆಯಿರಿ. ತೆರೆಯದಿದ್ದರೆ ಅದರ ಹಿಂದಿನದನ್ನು ತೆರೆಯಿರಿ.

4. ತೆರೆದ ಕೂಡಲೇ ಹೊಸ ಹೆಸರು ಕೊಟ್ಟು ಸೇವ್ ಮಾಡಿ.

5. ಉದ್ರಿ ವಹಿ ತೆಗೆಯಿರಿ. ಕೊನೆಗೆ ಬರೆದದ್ದು ಹಳೆಯ ಪ್ರತಿಯಲ್ಲಿ ಇರುವುದಿಲ್ಲ. ವಹಿಯಲ್ಲಿ ಉದ್ರಿ 640 ರೂಪಾಯಿ, ಕಂಪ್ಯೂಟರಿನಲ್ಲಿ 520 ಇದೆ ಎನ್ನೋಣ. 120 ರೂಪಾಯಿ ಬಿಟ್ಟುಹೋಗಿದೆ. ಅದು ನೀವು ಒಲೆ ಮುಂದೆ ಕೂತು ದುಡಿದ ರೊಕ್ಕ. ಯಾರದು ಎಂದು ವಹಿಯಲ್ಲಿ ನೋಡಿ, ಮತ್ತೆ ಬರೆಸಿರಿ.

ನೆನಪಿಡಿ: ಈ ಪ್ರತಿಗಳೆಲ್ಲ ಒಂದೇ ಕಂಪ್ಯೂಟರಿನಲ್ಲಿ ಇರುತ್ತವೆ. ಕಂಪ್ಯೂಟರೇ ಕೆಟ್ಟರೆ ಎಲ್ಲವೂ ಹೋಗಬಹುದು. ಅದಕ್ಕೆ ವಾರಕ್ಕೊಮ್ಮೆ ಪೆನ್‌ಡ್ರೈವ್‌ನಲ್ಲಿ ಒಂದು ಪ್ರತಿ ಇಡಿ. ಕಂಪ್ಯೂಟರ್ ಬಂತೆಂದು ವಹಿ ಬರೆಯುವುದನ್ನು ಬಿಡಬೇಡಿ. ಈಗ ನಿಮಗೆ ಓದಲು, ಬರೆಯಲು ಬರುತ್ತದೆ. ನಿಮ್ಮ ಲೆಕ್ಕ ನಿಮ್ಮ ಕೈಯಲ್ಲೇ ಇರಲಿ.

ಅಭ್ಯಾಸ

1. 20250109083000. ಇದು ಯಾವ ತಾರೀಖು? ಎಷ್ಟು ಗಂಟೆ?
2. ವಹಿಯಲ್ಲಿ 875 ರೂಪಾಯಿ, ಕಂಪ್ಯೂಟರಿನಲ್ಲಿ 790 ರೂಪಾಯಿ ಇದೆ. ಎಷ್ಟು ಬಿಟ್ಟುಹೋಗಿದೆ?
3. ಇಂದಿನ ತಾರೀಖನ್ನು ಹೀಗೆಯೇ 8 ಅಂಕಿಗಳಲ್ಲಿ ಬರೆಯಿರಿ.